ಫ್ರೀಜರ್ ಬಾಗಿಲು ಮುಚ್ಚಿದ ಕೂಡಲೇ ಮತ್ತೆ ಎಳೆದರೆ ಯಾಕೆ ಬರುವುದಿಲ್ಲ?

ಎರಡನೇಬೆಂಚು:
ಬಹಳ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ಫ್ರೀಜರ್ ಬಾಗಿಲು ತೆರೆದು ಏನೋ ತೆಗೆದುಕೊಂಡು ಮುಚ್ಚುತ್ತೇನೆ. ಅಷ್ಟರಲ್ಲಿ ಇನ್ನೊಂದು ಮರೆತದ್ದು ನೆನಪಾಗುತ್ತದೆ. ತಕ್ಷಣ ಎಳೆದರೆ ಬಾಗಿಲು ಬರುವುದೇ ಇಲ್ಲ, ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಒಂದೆರಡು ನಿಮಿಷ ಬಿಟ್ಟು ಎಳೆದರೆ ಸಲೀಸಾಗಿ ಬರುತ್ತದೆ. ರಬ್ಬರ್ ಪಟ್ಟಿಯಲ್ಲಿ ಮ್ಯಾಗ್ನೆಟ್ ಇರುತ್ತದೆ, ಅದರಿಂದ ಎಂದು ಮನೆಯಲ್ಲಿ ಹೇಳಿದರು. ಆದರೆ ಮ್ಯಾಗ್ನೆಟ್ ಎರಡು ನಿಮಿಷದ ನಂತರವೂ ಅಲ್ಲೇ ಇರುತ್ತದಲ್ವಾ? ಶಾಲೆಯಲ್ಲಿ ಗಾಳಿಯ ನಿಯಮಗಳನ್ನು ಬಾಯ್ಲ್, ಚಾರ್ಲ್ಸ್ ಎಂದು ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ದಿನವೇ ಮರೆತೂ ಬಿಟ್ಟೆ. ಇದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ರಿಟೈರ್ಡ್ ಮೇಷ್ಟ್ರು:
ನೇರ ಸಂಬಂಧ ಇದೆ. ಬಾಗಿಲು ತೆರೆದಾಗ ಒಳಗಿನ ತಣ್ಣನೆ ಗಾಳಿ ಭಾರವಾದ್ದರಿಂದ ಕೆಳಗಿನಿಂದ ಸುರಿದು ಹೋಗುತ್ತದೆ, ಆ ಜಾಗಕ್ಕೆ ಕೋಣೆಯ ಬೆಚ್ಚನೆ ಗಾಳಿ ನುಗ್ಗುತ್ತದೆ. ನೀವು ಮುಚ್ಚುತ್ತೀರಿ. ಆ ಬೆಚ್ಚನೆ ಗಾಳಿ ಈಗ ಒಳಗೆ ಸಿಕ್ಕಿಬಿದ್ದಿತು, ತಣ್ಣಗಾಗತೊಡಗಿತು. ಪೆಟ್ಟಿಗೆಯ ಗಾತ್ರ ಬದಲಾಗಿಲ್ಲ, ಒಳಗಿನ ಅಣುಗಳ ಲೆಕ್ಕವೂ ಬದಲಾಗಿಲ್ಲ. ತಾಪಮಾನ ಇಳಿದರೆ ಒತ್ತಡ ಇಳಿಯಲೇಬೇಕು. ಹೊರಗಿನ ಗಾಳಿ ಮಾತ್ರ ಮೊದಲಿನಷ್ಟೇ ಬಲದಿಂದ ಬಾಗಿಲನ್ನು ಒತ್ತುತ್ತಿರುತ್ತದೆ. ನಿಮ್ಮ ಬಾಗಿಲನ್ನು ಒಳಗಿನಿಂದ ಯಾರೂ ಹಿಡಿದುಕೊಂಡಿಲ್ಲ, ಹೊರಗಿನಿಂದ ವಾತಾವರಣ ತಳ್ಳುತ್ತಿದೆ.

ಲೆಕ್ಕ ಹಾಕಿದರೆ ತಮಾಷೆಯಾಗಿದೆ. 27 ಡಿಗ್ರಿಯ ಗಾಳಿ ಮೈನಸ್ 18ಕ್ಕೆ ಇಳಿದರೆ, ಕೆಲ್ವಿನ್‌ನಲ್ಲಿ (ಸೆಲ್ಸಿಯಸ್‌ಗೆ 273 ಸೇರಿಸಿದ ಲೆಕ್ಕ) 300ರಿಂದ 255. ಒತ್ತಡ ಶೇ. 15ರಷ್ಟು ಕಡಿಮೆ. ವಾತಾವರಣದ ಒತ್ತಡ ಚದರ ಮೀಟರಿಗೆ ಸುಮಾರು 1 ಲಕ್ಷ ನ್ಯೂಟನ್. ಬಾಗಿಲು ಅರ್ಧ ಚದರ ಮೀಟರ್ ಎಂದುಕೊಂಡರೆ 7,500 ನ್ಯೂಟನ್, ಅಂದರೆ ಮುಕ್ಕಾಲು ಟನ್ ಭಾರ! ಹಾಗೆ ಆಗುವುದಿಲ್ಲ, ಯಾಕೆಂದರೆ ಒಳಗಿನ ಗಾಳಿಯೆಲ್ಲ ಬದಲಾಗಿರುವುದಿಲ್ಲ, ರಬ್ಬರ್ ಪಟ್ಟಿಯ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೋರುತ್ತಲೂ ಇರುತ್ತದೆ. ಆದರೆ ಒತ್ತಡ ಬರೀ ಶೇ. 1 ಇಳಿದರೂ 500 ನ್ಯೂಟನ್. 50 ಕಿಲೋ ಭಾರಕ್ಕೆ ಸಮ. ಹಿಡಿ ಬಾಗಿಲಿನ ಅಂಚಿನಲ್ಲಿರುವುದರಿಂದ ಕೈಗೆ ಅದರ ಅರ್ಧ ತಗಲುತ್ತದೆ. ಸೋರಿಕೆ ಮುಗಿದು ಒಳಗೂ ಹೊರಗೂ ಸಮವಾದ ಮೇಲೆ ಮ್ಯಾಗ್ನೆಟ್ ಒಂದೇ ಉಳಿಯುತ್ತದೆ. ನಿಮ್ಮ ಎರಡು ನಿಮಿಷ ಅದೇ.

ಪಂಕ್ಚರ್:
ಮೇಷ್ಟ್ರೇ, ನಿಮ್ಮ ಲೆಕ್ಕ ನೋಡಿ ನನ್ನ ಕಾರಿನ ಟೈರಿಗೂ ಹಾಕಿದೆ, ಬೆವರು ಬಂತು. ಬೆಳಿಗ್ಗೆ 27 ಡಿಗ್ರಿ ಇದ್ದಾಗ 32 ಪಿಎಸ್‌ಐ. ದೂರ ಓಡಿಸಿ ಟೈರಿನೊಳಗಿನ ಗಾಳಿ 57 ಡಿಗ್ರಿ ಆಯಿತು ಎಂದುಕೊಳ್ಳೋಣ. 57ನ್ನು 27ರಿಂದ ಭಾಗಿಸಿದರೆ ಎರಡು ಪಟ್ಟಿಗಿಂತ ಜಾಸ್ತಿ. ಅಂದರೆ 67 ಪಿಎಸ್‌ಐ ದಾಟಬೇಕು. ಟೈರ್ ಢಂ ಅನ್ನಬೇಕಿತ್ತಲ್ವಾ? ಇಷ್ಟು ವರ್ಷ ಹೇಗೆ ಬದುಕಿದೆನೋ ಗೊತ್ತಿಲ್ಲ.

ರಿಟೈರ್ಡ್ ಮೇಷ್ಟ್ರು:
ಮೂವತ್ತು ವರ್ಷ ಇದೇ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಒಂದಲ್ಲ, ಎರಡು ತಪ್ಪು ಇದೆ.

ಒಂದು, ಸೆಲ್ಸಿಯಸ್. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ ಅಷ್ಟೇ, ಗಾಳಿಗೆ ಅದು ಸೊನ್ನೆಯಲ್ಲ. 0 ಡಿಗ್ರಿಯಲ್ಲೂ ಅಣುಗಳು ಭರ್ಜರಿಯಾಗಿ ಓಡಾಡುತ್ತಿರುತ್ತವೆ. ಗಾಳಿಯ ಸೊನ್ನೆ ಮೈನಸ್ 273.15ರಲ್ಲಿದೆ, ಅಲ್ಲಿಂದ ಎಣಿಸಬೇಕು. ಹಾಗಾಗಿ 27 ಅಂದರೆ 300, 57 ಅಂದರೆ 330. ಹೆಚ್ಚಳ ಶೇ. 10 ಮಾತ್ರ.

ಎರಡು, ಟೈರ್ ಗೇಜ್ ತೋರಿಸುವುದು ಪೂರ್ತಿ ಒತ್ತಡವನ್ನಲ್ಲ. ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಎಂಬುದನ್ನು ಮಾತ್ರ. ಪೂರ್ತಿ ಚಪ್ಪಟೆಯಾದ ಟೈರಿಗೆ ಗೇಜ್ ಸೊನ್ನೆ ತೋರಿಸುತ್ತದೆ, ಆದರೂ ಅದರೊಳಗೆ ಗಾಳಿ ಇದೆ. ಹಾಗಾಗಿ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ ಸೇರಿಸಿ 46.7 ಮಾಡಿಕೊಳ್ಳಿ. ಶೇ. 10 ಏರಿಸಿ, ಸುಮಾರು 51.4. ಈಗ 14.7 ಕಳೆಯಿರಿ. 36.7 ಪಿಎಸ್‌ಐ. ಐದಕ್ಕೆ ಸ್ವಲ್ಪ ಕಡಿಮೆ ಏರಿಕೆ. ಟೈರ್ ಸ್ವಲ್ಪ ಹಿಗ್ಗುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿ ಎಂದು ಕಾರಿನ ಪುಸ್ತಕದಲ್ಲಿ ಬರೆದಿರುವುದು ಇದಕ್ಕೇ. ಓಡಿಸಿ ನಿಲ್ಲಿಸಿದ ಕೂಡಲೇ ನೋಡಿ, ಜಾಸ್ತಿ ಇದೆ ಎಂದು ಗಾಳಿ ಬಿಟ್ಟರೆ, ಮರುದಿನ ಬೆಳಿಗ್ಗೆ ಟೈರ್ ಬಡಕಲಾಗಿರುತ್ತದೆ.

ಪಂಕ್ಚರ್:
ಅದನ್ನೇ ಮಾಡುತ್ತಿದ್ದೆ. ಹೆಸರು ಸರಿಯಾಗಿಯೇ ಇಟ್ಟುಕೊಂಡಿದ್ದೇನೆ ಬಿಡಿ.

ಹಳೇಸೈಕಲ್:
ಟೈರ್ ವಿಷಯ ಬಂತಲ್ಲ, ನನ್ನದೂ ಒಂದು. ಕೈ ಪಂಪಿನಲ್ಲಿ ಸೈಕಲ್‌ಗೆ ಗಾಳಿ ಹೊಡೆದರೆ ಪಂಪಿನ ತಳ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಬಾಯ್ಲ್ ಪ್ರಕಾರ ಒತ್ತಿದರೆ ಗಾತ್ರ ಕಡಿಮೆ, ಒತ್ತಡ ಜಾಸ್ತಿ. ಬಿಸಿ ಎಲ್ಲಿಂದ ಬಂತು? ಒಳಗಿನ ವಾಷರ್ ಉಜ್ಜುವುದರಿಂದ ಎಂದು ನಾನು ತಿಳಿದಿದ್ದೆ.

ರಿಟೈರ್ಡ್ ಮೇಷ್ಟ್ರು:
ಉಜ್ಜುವುದರ ಪಾಲು ಕಡಿಮೆ. ಅದು ನಿಜವಾದ್ದಾಗಿದ್ದರೆ ಪಂಪಿನ ಉದ್ದಕ್ಕೂ ಬಿಸಿಯಾಗಬೇಕಿತ್ತು, ಗಾಳಿ ಒತ್ತಲ್ಪಡುವ ತುದಿಯೇ ಯಾಕೆ ಜಾಸ್ತಿ ಸುಡಬೇಕು? ನೀವು ಕೈಯಿಂದ ಹಾಕಿದ ಶ್ರಮ ಗಾಳಿಯೊಳಗೆ ಹೋಗುತ್ತದೆ. ಎದುರಿಗೆ ಬರುತ್ತಿರುವ ಪಿಸ್ಟನ್‌ಗೆ ಬಡಿದ ಅಣು, ಬೀಸಿದ ಬ್ಯಾಟಿಗೆ ತಗುಲಿದ ಚೆಂಡಿನ ಹಾಗೆ, ಬಂದದ್ದಕ್ಕಿಂತ ವೇಗವಾಗಿ ವಾಪಸ್ ಹೋಗುತ್ತದೆ. ಅಣುಗಳ ವೇಗ ಏರಿತು ಅಂದರೆ ತಾಪ ಏರಿತು.

ಬಾಯ್ಲ್‌ನ ನಿಯಮಕ್ಕೆ ಒಂದು ಷರತ್ತು ಇದೆ, ತಾಪಮಾನ ಬದಲಾಗಬಾರದು. ನಿಧಾನವಾಗಿ ಒತ್ತಿದರೆ ಬಿಸಿ ಹೊರಗೆ ಹೋಗಿ ಷರತ್ತು ಉಳಿಯುತ್ತದೆ. ಗಬಕ್ಕನೆ ಒತ್ತಿದರೆ ಉಳಿಯುವುದಿಲ್ಲ. 27 ಡಿಗ್ರಿಯ ಗಾಳಿಯನ್ನು ಬಿಸಿ ಚೂರೂ ಹೊರಹೋಗದಂತೆ ಅರ್ಧ ಗಾತ್ರಕ್ಕೆ ಅದುಮಿದರೆ ಅದು 120 ಡಿಗ್ರಿ ದಾಟುತ್ತದೆ. ಡೀಸೆಲ್ ಎಂಜಿನ್ ಓಡುವುದೇ ಈ ನಂಬಿಕೆಯ ಮೇಲೆ. ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ.

ನೀಲಿಛತ್ರಿ:
ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮಗನ ಶಾಲೆಯ ವಿಜ್ಞಾನ ಪ್ರಾಜೆಕ್ಟ್‌ಗೆ ಮೇಣದಬತ್ತಿ ಪ್ರಯೋಗ ಮಾಡಿದೆವು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಉರಿದು ಖಾಲಿಯಾಯಿತು, ಗಾಳಿಯಲ್ಲಿ ಅದು ಶೇ. 21 ಇರುವುದರಿಂದ ಐದರಲ್ಲಿ ಒಂದು ಪಾಲು ನೀರು ತುಂಬಿತು ಎಂದು ಚಾರ್ಟ್ ಬರೆದು ಅಂಟಿಸಿದೆವು. ಬಹುಮಾನವೂ ಬಂತು. ಇದಂತೂ ಸರಿ ತಾನೇ?

ಅರ್ಧಂಬರ್ಧ:
ಅಕ್ಕಾ, ಬಹುಮಾನ ವಾಪಸ್ ಕೊಡಬೇಡಿ, ಆದರೆ ವಿವರಣೆ ತಪ್ಪು.

ನೀಲಿಛತ್ರಿ:
ಹೇಗೆ ತಪ್ಪು? ನಾವು ಅಳತೆಪಟ್ಟಿ ಇಟ್ಟು ನೋಡಿದ್ದೇವೆ. ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲೇ ಬಂದಿತ್ತು. ನಾನೂ ಶಾಲೆಯಲ್ಲಿ ಹೀಗೇ ಕಲಿತದ್ದು.

ಅರ್ಧಂಬರ್ಧ:
ಬಂದಿರಬಹುದು, ಕಾಕತಾಳೀಯ. ಯೋಚಿಸಿ ನೋಡಿ. ಆಮ್ಲಜನಕ ಮಾಯವಾಗುವುದಿಲ್ಲ. ಮೇಣದಲ್ಲಿರುವ ಇಂಗಾಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಜಲಜನಕದ ಜೊತೆ ಸೇರಿ ನೀರಾವಿ ಆಗುತ್ತದೆ. ಮೂರು ಪಾಲು ಆಮ್ಲಜನಕ ಹೋದರೆ ಹೆಚ್ಚೂಕಡಿಮೆ ಎರಡು ಪಾಲು ಕಾರ್ಬನ್ ಡೈಆಕ್ಸೈಡ್ ವಾಪಸ್ ಬರುತ್ತದೆ. ಜಾಗ ಅಷ್ಟೇನೂ ಖಾಲಿಯಾಗುವುದಿಲ್ಲ. ಅದು ನೀರಿನಲ್ಲಿ ಕರಗುತ್ತದೆ ಅನ್ನಬಹುದು, ಆದರೆ ಕೆಲವೇ ಸೆಕೆಂಡಿನಲ್ಲಿ ಕರಗುವುದು ತೀರಾ ಸ್ವಲ್ಪ. ಇನ್ನೊಂದು ವಿಷಯ, ಬತ್ತಿ ಆರುವಾಗ ಆಮ್ಲಜನಕ ಖಾಲಿಯಾಗಿರುವುದೇ ಇಲ್ಲ. ಶೇ. 21ರಿಂದ ಸುಮಾರು 16ಕ್ಕೆ ಇಳಿದಾಗಲೇ ಮೇಣದಬತ್ತಿ ಕೈಚೆಲ್ಲುತ್ತದೆ. ಐದು ಪಾಲು ಹೋಯಿತು, ಮೂರಕ್ಕಿಂತ ಜಾಸ್ತಿ ವಾಪಸ್ ಬಂತು, ಉಳಿದ ಕೊರತೆ ನೂರರಲ್ಲಿ ಎರಡು ಪಾಲೂ ಇಲ್ಲ. ನಿಮ್ಮ ಲೋಟಕ್ಕೆ ಇಪ್ಪತ್ತು ಪಾಲು ನೀರು ಬಂತಲ್ಲ, ಅದು ಎಲ್ಲಿಂದ?

ಚಾರ್ಲ್ಸ್ ನಿಯಮದಿಂದ. ಉರಿಯುವ ಬತ್ತಿಯ ಮೇಲೆ ಲೋಟ ಇಳಿಸುವಾಗಲೇ ಒಳಗೆ ತುಂಬಿಕೊಳ್ಳುವುದು ಕಾದು ಹಿಗ್ಗಿದ ಗಾಳಿ. ಒಂದಿಷ್ಟು ಗಾಳಿ ಅಂಚಿನ ಕೆಳಗಿನಿಂದ ಗುಳುಗುಳು ಎಂದು ಹೊರಗೂ ಹೋಗುತ್ತದೆ. ಬತ್ತಿ ಆರಿತು, ಒಳಗಿನ ಗಾಳಿ ತಣ್ಣಗಾಯಿತು, ಕುಗ್ಗಿತು, ನೀರಾವಿಯೂ ಗಾಜಿನ ಮೇಲೆ ಹನಿಯಾಯಿತು. ಒಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎರಡನೇಬೆಂಚು ಅವರ ಫ್ರೀಜರ್ ಬಾಗಿಲೂ ಇದೇ, ನಿಮ್ಮ ಲೋಟವೂ ಇದೇ.

ನಂಬಿಕೆ ಬಾರದಿದ್ದರೆ ಎರಡು ಪರೀಕ್ಷೆ ಮಾಡಿ. ನೀರು ಯಾವಾಗ ಏರುತ್ತದೆ ಎಂದು ನೋಡಿ. ಆಮ್ಲಜನಕ ಕಾರಣವಾಗಿದ್ದರೆ ಬತ್ತಿ ಉರಿಯುತ್ತಿರುವಾಗಲೇ ಒಂದೇ ಸಮ ಏರುತ್ತಿರಬೇಕು. ಆಮೇಲೆ ಅದೇ ಲೋಟಕ್ಕೆ ಮೂರು ಬತ್ತಿ ಇಡಿ. ಆಮ್ಲಜನಕ ಅಷ್ಟೇ ಇದೆ, ಹಾಗಾಗಿ ನೀರೂ ಅಷ್ಟೇ ಏರಬೇಕು, ಅಲ್ವಾ?

ನೀಲಿಛತ್ರಿ:
ಸರಿ, ಮಾಡಿಯೇ ನೋಡುತ್ತೇನೆ. ಈಗ ಒಪ್ಪುವುದಿಲ್ಲ.

ಖಾರದಪುಡಿ:
ಎಲ್ಲ ಓದಿದೆ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಇಷ್ಟು ಹೇಳೋಕೆ ಇಷ್ಟು ಉದ್ದ ಬೇಕಾ? ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವುದೂ ಅದಕ್ಕೇ, ಗ್ಯಾಸ್ ಸಿಲಿಂಡರ್‌ನಿಂದ ಗ್ಯಾಸ್ ಬರುವುದೂ ಅದಕ್ಕೇ. ಮುಗಿಯಿತು.

ಅರ್ಧಂಬರ್ಧ:
ಗುರುವೇ, ಸರಿಯಾಗಿ ಆ ಎರಡನ್ನೇ ಆರಿಸಿಕೊಂಡಿರಲ್ಲ. ಎರಡರಲ್ಲೂ ಈ ನಿಯಮ ಒಂದೇ ಸಾಕಾಗುವುದಿಲ್ಲ.

ಕುಕ್ಕರ್ ತೆಗೆದುಕೊಳ್ಳಿ. ಒಳಗೆ ಬರೀ ಒಣ ಗಾಳಿ ಇದ್ದು 27 ಡಿಗ್ರಿಯಿಂದ 120ಕ್ಕೆ ಕಾದರೆ, 300ರಿಂದ 393 ಕೆಲ್ವಿನ್. ಒತ್ತಡ 1.3 ಪಟ್ಟು ಆಗುತ್ತದೆ, ಅಷ್ಟೇ. ಆದರೆ ಮನೆಯ ಕುಕ್ಕರಿನೊಳಗೆ ಹೊರಗಿನ ಎರಡು ಪಟ್ಟಿನಷ್ಟು ಒತ್ತಡ ಇರುತ್ತದೆ. ಆ ವ್ಯತ್ಯಾಸ ತಂದದ್ದು ನೀರು. ಕಾದಷ್ಟೂ ನೀರು ಆವಿಯಾಗಿ ಹೊಸ ಹೊಸ ಅಣುಗಳು ಮೇಲೆ ಬರುತ್ತಲೇ ಇರುತ್ತವೆ. ಅಣುಗಳ ಲೆಕ್ಕ ಬದಲಾಗದು ಎಂಬ ಷರತ್ತು ಇಲ್ಲಿ ಮುರಿಯಿತು. ಮೊದಲು ಇದ್ದ ಗಾಳಿಯನ್ನಂತೂ ಆವಿ ಬಹುಪಾಲು ಹೊರಗೆ ದಬ್ಬಿರುತ್ತದೆ. 120 ಡಿಗ್ರಿಯಲ್ಲಿ ನೀರಾವಿಯ ಒತ್ತಡವೇ ಸುಮಾರು ಎರಡು ವಾತಾವರಣದಷ್ಟು. ಒಳಗಿನದು ಬೇಗ ಬೇಯುವುದು ಆ 120 ಡಿಗ್ರಿಯಿಂದ. ತೆರೆದ ಪಾತ್ರೆಯಲ್ಲಿ ನೀರು 100ರ ಮೇಲೆ ಹೋಗುವುದಿಲ್ಲ.

ಸಿಲಿಂಡರ್ ಇನ್ನೂ ಚೆನ್ನಾಗಿದೆ. ಒಳಗೆ ಬರೀ ಗ್ಯಾಸ್ ಇದ್ದಿದ್ದರೆ ಅರ್ಧ ಬಳಸಿದಾಗ ಒತ್ತಡ ಅರ್ಧ ಆಗಬೇಕಿತ್ತು, ಒಲೆಯ ಉರಿ ದಿನದಿಂದ ದಿನಕ್ಕೆ ಸಣ್ಣಗಾಗಬೇಕಿತ್ತು. ಆಗುವುದಿಲ್ಲ. ಒಳಗಿರುವುದು ದ್ರವ. ಮೇಲಿನ ಗ್ಯಾಸ್ ಹೋದಷ್ಟೂ ಕೆಳಗಿನ ದ್ರವ ಆವಿಯಾಗಿ ಜಾಗ ತುಂಬುತ್ತದೆ. ಕೊನೆಯ ಹನಿ ಇರುವ ತನಕ ಒತ್ತಡ ಹೆಚ್ಚೂಕಡಿಮೆ ಒಂದೇ, ಅದು ಆಗಿನ ತಾಪಮಾನಕ್ಕೆ ತಕ್ಕಂತೆ. ಹಾಗಾಗಿಯೇ ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ನೋಡಬೇಕು, ಒತ್ತಡ ನೋಡಿದರೆ ಗೊತ್ತಾಗದು. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್ ನೋಡಿ, ಅದರಲ್ಲಿ ನಿಜವಾಗಿಯೂ ಅದುಮಿದ ಅನಿಲ ಇದೆ. ಗೇಜಿನ ಮುಳ್ಳು ಅರ್ಧಕ್ಕೆ ಬಂದರೆ ಅನಿಲವೂ ಅರ್ಧ ಖಾಲಿ. ಅಲ್ಲಿ ಮಾತ್ರ ನೀವು ಹೇಳಿದ್ದು ನಡೆಯುತ್ತದೆ.

ಖಾರದಪುಡಿ:
ಹ್ಮ್. ಸಿಲಿಂಡರ್ ಹೊರಮೈ ಕೆಲವೊಮ್ಮೆ ಬೆವರುತ್ತದೆ, ಅದು?

ಅರ್ಧಂಬರ್ಧ:
ದ್ರವ ಆವಿಯಾಗಲು ಬಿಸಿ ಬೇಕು, ಅದನ್ನು ಸಿಲಿಂಡರ್‌ನಿಂದಲೇ ಎಳೆದುಕೊಳ್ಳುತ್ತದೆ. ಉರಿ ದೊಡ್ಡದಿಟ್ಟಾಗ ಜಾಸ್ತಿ. ಡಿಯೋಡರೆಂಟ್ ಸ್ಪ್ರೇ ಒತ್ತಿ ಹಿಡಿದಾಗ ಡಬ್ಬಿ ತಣ್ಣಗಾಗುವುದೂ ಬಹುಪಾಲು ಇದೇ ಕಾರಣಕ್ಕೆ. ಅನಿಲ ಹಿಗ್ಗಿದ್ದರಿಂದ ತಣ್ಣಗಾಯಿತು ಎಂದು ತುಂಬಾ ಜನ ಬರೆಯುತ್ತಾರೆ, ಅದರ ಪಾಲು ಚಿಕ್ಕದು.

ಹಳೇಸೈಕಲ್:
ಒಂದು ಅಡ್ಡ ಮಾತು. ಶಾಲೆಯಲ್ಲಿ ಈ ನಿಯಮಗಳಿಗೆಲ್ಲ ಒಬ್ಬೊಬ್ಬರ ಹೆಸರು ಅಂಟಿಸಿ ಕಲಿಸಿದರು. ಒಂದು ಪದ್ಯದ ಸಾಲಿನ ಹಾಗೆ ಹೇಳಿಕೊಂಡು ಹೋಗಿದ್ದೆ, ಯಾರು ಏನು ಮಾಡಿದರು ಎಂದು ಯಾರೂ ಹೇಳಲಿಲ್ಲ.

ರಿಟೈರ್ಡ್ ಮೇಷ್ಟ್ರು:
ಹೆಸರುಗಳ ಕತೆ ಸ್ವಲ್ಪ ಗೋಜಲು. ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಒಂದು ತುದಿ ಮುಚ್ಚಿದ, ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿಯುತ್ತಾ ಹೋಗಿ, ಒಳಗೆ ಸಿಕ್ಕ ಗಾಳಿ ಎಷ್ಟು ಕುಗ್ಗಿತು ಎಂದು ಅಳೆದ. ತಾಪಮಾನ ಬದಲಾಗಬಾರದು ಎಂಬ ಷರತ್ತನ್ನು ಒತ್ತಿ ಹೇಳಿದವನು ಫ್ರಾನ್ಸಿನ ಮರಿಯಟ್, ಅವನ ಕಾಲ ಸ್ವಲ್ಪ ಆಮೇಲೆ. ಅಲ್ಲಿ ಇದನ್ನು ಮರಿಯಟ್ ನಿಯಮ ಎಂದೇ ಕರೆಯುತ್ತಾರೆ.

ಚಾರ್ಲ್ಸ್ ನನಗೆ ಇಷ್ಟದ ಮನುಷ್ಯ. 1783ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ ಜಲಜನಕದ ಬಲೂನಿನಲ್ಲಿ ತಾನೇ ಕುಳಿತು ಹಾರಿದ. 1787ರ ಸುಮಾರಿಗೆ ಗಾಳಿಯ ಹಿಗ್ಗುವಿಕೆಯ ಪ್ರಯೋಗ ಮಾಡಿದ, ಆದರೆ ಪ್ರಕಟಿಸಲೇ ಇಲ್ಲ. 1802ರಲ್ಲಿ ಗೇ-ಲುಸಾಕ್ ತನ್ನ ಅಳತೆಗಳನ್ನು ಪ್ರಕಟಿಸುವಾಗ, ಇದನ್ನು ಚಾರ್ಲ್ಸ್ ಮೊದಲೇ ಗಮನಿಸಿದ್ದ ಎಂದು ಬರೆದ. ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒತ್ತಡ ಮತ್ತು ತಾಪಮಾನದ ನಿಯಮಕ್ಕೆ ಗೇ-ಲುಸಾಕ್ ಹೆಸರು ಅಂಟಿದೆ, ಅದನ್ನು ಅವನಿಗಿಂತ ನೂರು ವರ್ಷ ಮೊದಲೇ ಅಮೊಂಟನ್ಸ್ ಕಂಡಿದ್ದ. ಇವೆಲ್ಲವನ್ನೂ ಒಂದೇ ಸಮೀಕರಣಕ್ಕೆ ತಂದದ್ದು 1834ರಲ್ಲಿ ಕ್ಲಾಪೆರಾನ್. ಈಗ ನಾವು ಪಿವಿ = ಎನ್ಆರ್‌ಟಿ ಎಂದು ಬರೆಯುವುದು ಅದರ ಮುಂದಿನ ರೂಪ. ಪಿ ಒತ್ತಡ, ವಿ ಗಾತ್ರ, ಎನ್ ಅನಿಲದ ಪ್ರಮಾಣ, ಟಿ ತಾಪಮಾನ, ಆರ್ ಬದಲಾಗದ ಒಂದು ಸಂಖ್ಯೆ.

ಕಿಟಕಿಸೀಟು:
ವಿಮಾನದಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬುವುದು ಬಾಯ್ಲ್ ತಾನೇ? ಹೋದ ಸಲ ಅದು ಒಡೆಯುತ್ತದೇನೋ ಎಂದು ಬ್ಯಾಗಿನಿಂದ ಹೊರಗೆ ತೆಗೆದಿಟ್ಟೆ.

ಅರ್ಧಂಬರ್ಧ:
ಹೌದು, ಇದು ಶುದ್ಧ ಬಾಯ್ಲ್. ಕ್ಯಾಬಿನ್ನಿನ ತಾಪಮಾನ ಹೆಚ್ಚು ಬದಲಾಗುವುದಿಲ್ಲ. ವಿಮಾನ ಎಷ್ಟೇ ಎತ್ತರದಲ್ಲಿರಲಿ, ಒಳಗಿನ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಟ್ಟಿರುತ್ತಾರೆ. 8,000 ಅಡಿಯಲ್ಲಿ ಅದು ಸಮುದ್ರಮಟ್ಟದ ಮುಕ್ಕಾಲು ಪಾಲು. ಒತ್ತಡ ಮುಕ್ಕಾಲಾದರೆ ಗಾತ್ರ ಮೂರನೇ ಒಂದು ಪಾಲು ಹೆಚ್ಚಬೇಕು, ಪ್ಯಾಕೆಟ್ ಬಿಡುವಷ್ಟು ಹೆಚ್ಚುತ್ತದೆ. ಕಿವಿ ಟಪ್ ಅನ್ನುವುದೂ ಅದೇ, ಕಿವಿಯ ಪರದೆಯ ಹಿಂದೆ ಸಿಕ್ಕ ಗಾಳಿ. ಮೇಲೇರುವಾಗ ಆ ಗಾಳಿ ತಾನಾಗಿ ಹೊರಗೆ ಹೋಗುತ್ತದೆ, ಇಳಿಯುವಾಗ ಒಳಗೆ ಬರಲು ಎಂಜಲು ನುಂಗಿಯೋ ಆಕಳಿಸಿಯೋ ದಾರಿ ಬಿಡಿಸಬೇಕು.

ಉಲ್ಟಾ ದಿಕ್ಕಿನಲ್ಲಿ ಇದು ಆಟವಲ್ಲ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು. ಅಲ್ಲಿ ಸಿಲಿಂಡರ್ ಗಾಳಿಯಿಂದ ಶ್ವಾಸಕೋಶ ತುಂಬಿಕೊಂಡು, ಉಸಿರು ಹಿಡಿದು ಮೇಲೆ ಬಂದರೆ ಅದೇ ಗಾಳಿ ಎರಡು ಪಟ್ಟು ಜಾಗ ಕೇಳುತ್ತದೆ. ಶ್ವಾಸಕೋಶ ಚಿಪ್ಸ್ ಪ್ಯಾಕೆಟ್ ಅಲ್ಲ. ಡೈವಿಂಗ್ ಕಲಿಸುವಾಗ ಎಂದೂ ಉಸಿರು ಹಿಡಿಯಬೇಡಿ ಎಂದು ಮೊದಲ ದಿನವೇ ಹೇಳುವುದು ಇದಕ್ಕೆ.

ಕಿಟಕಿಸೀಟು:
ಇನ್ನೊಂದು. ಮಳೆಗೆ ಮುಂಚೆ ಗಾಳಿ ಭಾರವಾಗಿದೆ ಅನ್ನುತ್ತಾರಲ್ಲ, ನೀರಾವಿ ತುಂಬಿರುವುದರಿಂದ ನಿಜವಾಗಿಯೂ ಭಾರವಾ?

ರಿಟೈರ್ಡ್ ಮೇಷ್ಟ್ರು:
ಹಗುರ! ತರಗತಿಯಲ್ಲಿ ಇದನ್ನು ಹೇಳಿದಾಗ ಯಾರೂ ನಂಬುತ್ತಿರಲಿಲ್ಲ. ಒಂದೇ ತಾಪಮಾನ, ಒಂದೇ ಒತ್ತಡ ಇದ್ದರೆ ಒಂದು ಲೀಟರಿನಲ್ಲಿ ಇಷ್ಟೇ ಅಣುಗಳು, ಅವು ಯಾವುದಾದರೂ ಇರಲಿ. 1811ರಲ್ಲಿ ಅವೊಗಾಡ್ರೊ ಹೇಳಿದ್ದು ಅದನ್ನೇ. ಹಾಗಾಗಿ ನೀರಿನ ಅಣು ಒಳಗೆ ಬಂದರೆ ಇನ್ನೊಂದು ಅಣು ಜಾಗ ಬಿಡಬೇಕು. ನೈಟ್ರೋಜನ್ 28, ಆಮ್ಲಜನಕ 32, ನೀರು ಬರೀ 18. ಭಾರದವರು ಎದ್ದು ಹೋಗಿ ಹಗುರದವರು ಕುಳಿತ ಹಾಗೆ. ನಮಗೆ ಭಾರ ಅನ್ನಿಸುವುದು ಬೆವರು ಆರದ ಕಾರಣಕ್ಕೆ.

ಖಾರದಪುಡಿ:
ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೊದಲು ಹೇಳಿದ ಮಾತು ವಾಪಸ್.

ನೀಲಿಛತ್ರಿ:
ಎಲ್ಲರಿಗೂ ನಮಸ್ಕಾರ, ಪ್ರಯೋಗ ಮಾಡಿ ಬಂದೆ. ಮಗ ಮೊಬೈಲಿನಲ್ಲಿ ವಿಡಿಯೋ ಕೂಡ ಮಾಡಿದ. ಒಂದು ಬತ್ತಿ ಇಟ್ಟಾಗ, ಉರಿಯುತ್ತಿರುವ ತನಕ ನೀರು ಬಹಳ ಏರಲಿಲ್ಲ. ಆರಿದ ಮೇಲೆ ಸರ್ರನೆ ಏರಿತು. ಮೂರು ಬತ್ತಿ ಇಟ್ಟಾಗ ಲೋಟ ಇಳಿಸುವಾಗಲೇ ಅಂಚಿನಲ್ಲಿ ಗುಳ್ಳೆ ಬಂತು, ಆಮೇಲೆ ನೀರು ಒಂದು ಬತ್ತಿಗಿಂತ ಎಷ್ಟೋ ಮೇಲೆ ಹೋಯಿತು. ಮಗ ಕೇಳಿದ, ಅಮ್ಮಾ ಈಗ ಆಮ್ಲಜನಕ ಶೇ. 35 ಆಯಿತಾ ಅಂತ. ಉತ್ತರ ಇಲ್ಲದೆ ನಕ್ಕೆ. ಚಾರ್ಟ್ ಶಾಲೆಯ ಗೋಡೆಯ ಮೇಲೆ ಇನ್ನೂ ಇದೆ, ಏನು ಮಾಡುವುದೋ ಗೊತ್ತಿಲ್ಲ.

ಅರ್ಧಂಬರ್ಧ:
ಅಕ್ಕಾ, ಅದರ ಪಕ್ಕದಲ್ಲೇ ಮೂರು ಬತ್ತಿಯದೊಂದು ಚಾರ್ಟ್ ಅಂಟಿಸಲಿ ಅವನು. ಮೊದಲನೆಯದನ್ನು ಕೀಳಬೇಡಿ.

ಎರಡನೇಬೆಂಚು:
ಪ್ರಶ್ನೆ ಕೇಳಿ ನಾನು ಮಾಯವಾಗಿದ್ದೆ, ಕ್ಷಮಿಸಿ. ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರೀಜರ್ ಬಾಗಿಲು ಅರ್ಧ ನಿಮಿಷ ತೆರೆದಿಟ್ಟು ಮುಚ್ಚಿ, ರಬ್ಬರ್ ಪಟ್ಟಿಗೆ ಕಿವಿ ಇಟ್ಟು ಕೇಳಿದೆ. ಮೇಷ್ಟ್ರು ಹೇಳಿದ ಸೋರಿಕೆ ಕೇಳಿಸುತ್ತದೆ! ಸಣ್ಣಗೆ ಸುಯ್ ಎಂಬ ಸದ್ದು, ಆಮೇಲೆ ನಿಧಾನವಾಗಿ ನಿಂತಿತು. ನಿಂತ ಮೇಲೆ ಎಳೆದೆ, ಒಂದು ಬೆರಳಿಗೆ ಬಂತು. ಅಷ್ಟು ಹೊತ್ತಿಗೆ ನೀರು ಕುಡಿಯಲು ಎದ್ದು ಬಂದ ಹೆಂಡತಿ ಲೈಟ್ ಹಾಕಿದಳು. ಫ್ರಿಜ್ಜಿಗೆ ಕಿವಿ ಇಟ್ಟು ನಿಂತಿದ್ದಕ್ಕೆ ಅವಳಿಗೆ ಯಾವ ನಿಯಮ ಹೇಳಲಿ?

ಪಂಕ್ಚರ್:
ಮ್ಯಾಗ್ನೆಟ್ ಪರೀಕ್ಷೆ ಮಾಡುತ್ತಿದ್ದೆ ಅನ್ನಿ ಸರ್.